ಬಿದ್ದ ಎಲೆಯ ಲೆಕ್ಕ

ನನ್ನ ತಂಗಿಯ ಮಗ ಭಾಲ್ಕಿಯ ಹುಡುಗ. ಇಂಜಿನಿಯರಿಂಗ್ ಓದಲೆಂದು ಬೀದರಿಗೆ ಬಂದವನು ನಾಲ್ಕು ವರ್ಷ ನಮ್ಮ ಮನೆಯಲ್ಲಿದ್ದ. ಓದು ಮುಗಿದು ಹೋಯಿತು, ಹುಡುಗ ಹೋಗಲಿಲ್ಲ. ನೌಕರಿ ಸಿಗುವತನಕ ಇಲ್ಲೇ ಇರ್ತೀನಿ ದೊಡ್ಡವ್ವ ಎಂದ. ನಮ್ಮವರು ತೀರಿಕೊಂಡ ಮೇಲೆ ರಾತ್ರಿ ಬಾಗಿಲಿನ ಚಿಲಕ ಹಾಕಲು ಮನೆಯಲ್ಲೊಂದು ಗಂಡುದಿಕ್ಕು ಇರಲಿ ಎನ್ನಿಸಿ ನಾನೂ ಹೂಂ ಅಂದೆ. ಚಿಲಕ ಹಾಕುವುದು ಇವತ್ತಿಗೂ ನಾನೇ, ಅದು ಬೇರೆ ಮಾತು.

2025ರಲ್ಲಿ ಗಣಪತಿ ಕೂಡಿಸಿದ ಮರುದಿನ ರಾತ್ರಿ ನೀರು ಕುಡಿಯಲು ಎದ್ದೆ. ಪಡಸಾಲೆಯ ಕತ್ತಲೆಯಲ್ಲಿ ಅವನ ಮುಖ ಒಂದೇ ಬೆಳಗುತ್ತಿತ್ತು. ಮೊಬೈಲಿನಲ್ಲಿ ಹಸಿರು ಬಟ್ಟೆ ಹಾಸಿದ ಮೇಜು, ಅದರ ಮೇಲೆ ಇಸ್ಪೀಟು ಎಲೆ. ಆಡುವವನ ಮುಖವಿಲ್ಲ, ಕೈ ಮಾತ್ರ. ಅಂಗಿಯ ಗುಂಡಿಯಲ್ಲಿ ಕ್ಯಾಮೆರಾ ಅಡಗಿಸಿ ತೆಗೆದ ಚಿತ್ರವಂತೆ. ಎಲೆ ಬಿದ್ದ ಹಾಗೆಲ್ಲ ಮೂಲೆಯಲ್ಲಿ ಅಂಕಿ ಏರುತ್ತದೆ, ಇಳಿಯುತ್ತದೆ. ನಾನು ನೋಡುತ್ತಿದ್ದಂತೆಯೇ ಕೋಟು ತೊಟ್ಟ ಒಬ್ಬ ಬಂದು ಬಲು ನಯವಾಗಿ ಏನೋ ಹೇಳಿದ. ಕೈಗಳು ಬಿಲ್ಲೆಗಳನ್ನು ಬಾಚಿಕೊಂಡು ಎದ್ದವು.

“ಏನೋ ಇದು?”

“ಕಾರ್ಡ್ ಕೌಂಟಿಂಗ್ ದೊಡ್ಡವ್ವ. ಕ್ಯಾಸಿನೋದಾಗ ಆಡಿ, ಕದ್ದು ವಿಡಿಯೋ ತಗೊಂಡು ಹಾಕ್ತಾರ. ಲಕ್ಷಗಟ್ಲೆ ಮಂದಿ ನೋಡ್ತಾರ.”

“ಅವನಿಗಿ ಯಾಕ ಎಬ್ಬಿಸಿದ್ರು? ಮೋಸ ಮಾಡ್ಯಾನೇನು?”

“ಮೋಸ ಏನಿಲ್ಲ. ಬರೇ ಎಣಿಸ್ಯಾನ. ಎಣಿಸೋರಿಗಿ ಅಲ್ಲಿ ಆಡಗೊಡಲ್ಲ.”

ನೀರಿನ ತಂಬಿಗೆ ಹಿಡಿದುಕೊಂಡು ಹಾಗೇ ನಿಂತೆ. ಈ ಮಾತನ್ನು ನಾನು ಐವತ್ತು ವರ್ಷದ ಹಿಂದೆ ಭಾಲ್ಕಿಯ ನಮ್ಮ ತವರುಮನೆಯಲ್ಲಿ ಕೇಳಿದ್ದೆ. ಅಕ್ಷರ ಅಕ್ಷರ ಇದೇ ಮಾತು.

ನಮ್ಮ ತಂದೆಯ ಅಕ್ಕ, ನಾವೆಲ್ಲ ಅತ್ತಿ ಎನ್ನುತ್ತಿದ್ದವಳು, ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ನಿಜಾಮರ ಕಾಲದಲ್ಲಿ ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಮನೆಯ ಕೀಲಿಕೈ ಅವಳ ಸೊಂಟದಲ್ಲಿ. ಜೋಳದ ಕಣಜದಲ್ಲಿ ಎಷ್ಟು ಉಳಿದಿದೆ ಎಂದು ಮುಚ್ಚಳ ತೆಗೆಯದೇ ಹೇಳುತ್ತಿದ್ದಳು. ಹ್ಯಾಂಗ ಗೊತ್ತಾಗ್ತದ ಅತ್ತಿ ಎಂದು ಕೇಳಿದರೆ, ತಗದಿದ್ದು ನೆನಪಿದ್ರ ಉಳದಿದ್ದು ಗೊತ್ತಾಗ್ತದ, ಅದ್ರಾಗೇನದ ಎನ್ನುವಳು.

ಮಳೆಗಾಲದ ಮಧ್ಯಾಹ್ನಗಳಲ್ಲಿ ಕೌದಿ ಹಾಸಿಕೊಂಡು ನಮ್ಮ ಮನೆಯಲ್ಲಿ ಮೆಂಡಿಕೋಟ್ ನಡೆಯುತ್ತಿತ್ತು. ನಮ್ಮ ಕಡೆಯ ಓದುಗರಿಗೆ ಹೇಳಬೇಕಾಗಿಲ್ಲ. ದಕ್ಷಿಣದವರಿಗಾಗಿ ಒಂದು ಮಾತು. ನಾಲ್ಕು ಜನ, ಇಬ್ಬಿಬ್ಬರು ಜೋಡಿ, ತಲೆಗೆ ಹದಿಮೂರು ಎಲೆ. ನಾಲ್ಕು ಹತ್ತುಗಳಿವೆಯಲ್ಲ, ಅವೇ ಮೆಂಡಿ. ಅವನ್ನು ಹಿಡಿಯುವುದು ಆಟ. ನಾಲ್ಕನ್ನೂ ಒಂದೇ ಜೋಡಿ ಹಿಡಿದರೆ ಎದುರಿನವರಿಗೆ ಕೋಟು ಬಿತ್ತೆಂದು ಮನೆ ಹಾರಿಹೋಗುವಂತೆ ಕೂಗಾಟ. ಇಸ್ಪೀಟು, ಬದಾಮ್, ಚೌಕಟ್, ಕಿಲಾವರ್ ಎಂಬ ಹೆಸರುಗಳನ್ನು ನಾನು ಶಾಲೆಯ ಮಗ್ಗಿಗಿಂತ ಮೊದಲು ಕಲಿತೆ.

ಅತ್ತಿ ಆಡಲು ಕುಂತರೆ ಕೈಯಲ್ಲಿನ ಎಲೆಗಳನ್ನು ಒಮ್ಮೆ ನೋಡಿ ಮಡಚಿ ತೊಡೆಯ ಮೇಲಿಟ್ಟುಬಿಡುವಳು. ಅವಳ ಕಣ್ಣೆಲ್ಲ ನಡುವೆ ಬಿದ್ದ ಎಲೆಗಳ ಮೇಲೆ. ಏಳನೆಯ ಸುತ್ತಿಗೆ ಯಾರ ಕೈಯಲ್ಲಿ ಏನಿದೆ ಎಂದು ಅವಳಿಗೆ ಗೊತ್ತಾಗಿರುತ್ತಿತ್ತು. ಚೌಕಟ್ ರಾಣಿ ಇನ್ನೂ ನಿನ್ನ ಹತ್ರಾನೇ ಅದ, ಎಷ್ಟೊತ್ತು ಬಚ್ಚಿಡ್ತಿ ಎಂದು ನಮ್ಮ ಕಾಕಾನನ್ನು ಕಾಡುವಳು. ಒಂದು ದೀಪಾವಳಿ ಪಾಡ್ಯದ ರಾತ್ರಿ, ಆಗ ನಾನು ಹೈಸ್ಕೂಲು, ಗಂಡಸರೆಲ್ಲ ನಾಲ್ಕಾಣೆ ಎಂಟಾಣೆ ಪಣವಿಟ್ಟು ಕುಂತಿದ್ದರು. ಒಬ್ಬರು ಎದ್ದು ಹೋದ ಜಾಗಕ್ಕೆ ಅತ್ತಿಯನ್ನು ಕೂಡಿಸಿಕೊಂಡರು. ಬೆಳಗಿನ ಜಾವಕ್ಕೆ ಅವಳ ಸೆರಗಿನ ಗಂಟಿನಲ್ಲಿ ಹನ್ನೊಂದು ರೂಪಾಯಿ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಮರುವರ್ಷ ಅವಳು ಕೌದಿಯ ಅಂಚಿಗೆ ಬಂದು ಕುಂತಾಗ ನಮ್ಮ ಕಾಕಾ ನಗುತ್ತಲೇ ಹೇಳಿದ: “ಅಕ್ಕಾ, ನೀ ಚಾ ಮಾಡ್ಕೊಂಡ್ ಬಾ. ಎಣಿಸೋರಿಗಿ ಇಲ್ಲಿ ಆಡಗೊಡಲ್ಲ.”

ಎಲ್ಲರೂ ನಕ್ಕರು. ಅತ್ತಿಯೂ ನಕ್ಕು ಚಹಾ ಮಾಡಲು ಎದ್ದಳು. ಅವಳ ಹಿಂದೆಯೇ ಹೋಗಿದ್ದ ನನಗೆ, ಒಲೆಯ ಮುಂದೆ ಅವಳು ನಗುತ್ತಿರಲಿಲ್ಲ ಎಂಬುದು ಮಾತ್ರ ಗೊತ್ತು.

ಇಸ್ಪೀಟು ಎಲೆಯಿಂದ ಹೆಣ್ಣುಮಗಳೊಬ್ಬಳ ಲೆಕ್ಕದ ಬುದ್ಧಿ ಲೋಕಕ್ಕೆ ಗೊತ್ತಾದದ್ದೂ ಉಂಟು. ಶಕುಂತಲಾ ದೇವಿ 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ತಂದೆ ಸರ್ಕಸ್ಸಿನಲ್ಲಿದ್ದವರು. ಮೂರು ವರ್ಷದ ಮಗಳಿಗೆ ಇಸ್ಪೀಟಿನ ಚಮತ್ಕಾರ ಕಲಿಸುವಾಗಲೇ ಮಗುವಿನ ನೆನಪಿನ ಶಕ್ತಿ ಅವರಿಗೆ ಗೊತ್ತಾಯಿತಂತೆ. ಅದೇ ಮಗು ಬೆಳೆದು 1980ರಲ್ಲಿ ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿತು. ಅವರನ್ನು ವೇದಿಕೆಯ ಮೇಲೆ ಕೂಡಿಸಿದರು. ನಮ್ಮ ಅತ್ತಿಯನ್ನು ಒಲೆಯ ಮುಂದೆ.

ಹುಡುಗನ ಪಕ್ಕದಲ್ಲಿ ಕುಂತೆ. ಆ ರಾತ್ರಿ ಒಂದೂವರೆ ಗಂಟೆಯ ತನಕ ಅವನು ನನಗೆ ಆಟ ವಿವರಿಸಿದ. ಇಪ್ಪತ್ತೊಂದರ ಆಟ, ಇಂಗ್ಲಿಷಿನವರು ಬ್ಲ್ಯಾಕ್‌ಜ್ಯಾಕ್ ಅನ್ನುತ್ತಾರೆ. ರಾಜಾ ರಾಣಿ ಗುಲಾಮ್ ಎಲ್ಲಕ್ಕೂ ಹತ್ತರ ಬೆಲೆ. ಎಕ್ಕಾ ಬೇಕಾದರೆ ಒಂದು, ಬೇಕಾದರೆ ಹನ್ನೊಂದು. ಇಪ್ಪತ್ತೊಂದು ದಾಟದಂತೆ ಅದರ ಹತ್ತಿರ ಹೋಗಬೇಕು. ಎಲೆ ಹಂಚುವವಳಿಗೆ ಸ್ವಂತ ಇಚ್ಛೆ ಇಲ್ಲ. ಹದಿನಾರಾದರೆ ಇನ್ನೊಂದು ಎಲೆ ಎಳೆಯಲೇಬೇಕು, ಹದಿನೇಳಾದರೆ ನಿಲ್ಲಲೇಬೇಕು. ಪೆಟ್ಟಿಗೆಯಲ್ಲಿ ದೊಡ್ಡ ಎಲೆಗಳು ಹೆಚ್ಚು ಉಳಿದಿದ್ದರೆ ಅವಳು ಇಪ್ಪತ್ತೊಂದು ದಾಟಿ ಕೆಡುವ ಸಂಭವ ಹೆಚ್ಚು. ಆಡುವವನಿಗೆ ಎರಡೇ ಎಲೆಯಲ್ಲಿ ಇಪ್ಪತ್ತೊಂದು ಬಂದು ಒಂದಕ್ಕೆ ಒಂದೂವರೆ ಸಿಗುವ ಸಂಭವವೂ ಹೆಚ್ಚು.

ಎಣಿಕೆ ಎಂದರೆ ಇಷ್ಟೇ. ಎರಡರಿಂದ ಆರರವರೆಗಿನ ಸಣ್ಣ ಎಲೆ ಬಿದ್ದರೆ ಮನಸ್ಸಿನಲ್ಲಿ ಒಂದು ಕೂಡಿಸು. ಹತ್ತು, ಚಿತ್ರದೆಲೆ, ಎಕ್ಕಾ ಬಿದ್ದರೆ ಒಂದು ಕಳೆ. ಏಳು, ಎಂಟು, ಒಂಬತ್ತಕ್ಕೆ ಸುಮ್ಮನಿರು. ಬಂದ ಮೊತ್ತವನ್ನು ಇನ್ನೆಷ್ಟು ಕಟ್ಟು ಎಲೆ ಉಳಿದಿವೆಯೋ ಅಷ್ಟರಿಂದ ಭಾಗಿಸು. ಮೊತ್ತ ಏರಿದರೆ ಪಣ ಏರಿಸು, ಇಳಿದರೆ ಇಳಿಸು. ಎಲೆಯನ್ನು ಒಂದೊಂದಾಗಿ ನೆನಪಿಡುವುದೇ ಬೇಡ. ಅಮೆರಿಕದ ಎಡ್ವರ್ಡ್ ಥಾರ್ಪ್ ಎಂಬ ಗಣಿತದ ಮೇಷ್ಟ್ರು ಕೋಣೆ ತುಂಬುವಷ್ಟು ದೊಡ್ಡ ಐಬಿಎಂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, 1962ರಲ್ಲಿ ಪುಸ್ತಕ ಬರೆದು, ಕ್ಯಾಸಿನೋದವರನ್ನು ಸೋಲಿಸಬಹುದು ಎಂದು ತೋರಿಸಿದರು. ಅಲ್ಲಿಂದ ಕ್ಯಾಸಿನೋಗಳಿಗೂ ಎಣಿಸುವವರಿಗೂ ಅರವತ್ತು ವರ್ಷದ ಜಗಳ. ಎಣಿಸುವುದು ಎಲ್ಲಿಯೂ ಅಪರಾಧವಲ್ಲ, ತಲೆಯಲ್ಲಿ ನಡೆಯುವುದಕ್ಕೆ ಯಾವ ಪೊಲೀಸರು? ಆದರೆ ಲಾಸ್ ವೇಗಾಸಿನಲ್ಲಿ ಮನೆ ನಮ್ಮದು, ನೀವು ಏಳಿ ಎನ್ನುವ ಹಕ್ಕು ಅವರಿಗುಂಟು. ಕೆನ್ ಅಸ್ಟನ್ ಎಂಬೊಬ್ಬ ಆಟಗಾರ ನ್ಯೂಜೆರ್ಸಿಯಲ್ಲಿ ಕೋರ್ಟಿಗೆ ಹೋಗಿ, ಎಣಿಸುತ್ತಾನೆಂಬ ಕಾರಣಕ್ಕೆ ಹೊರಗೆ ಹಾಕುವಂತಿಲ್ಲ ಎಂದು 1982ರಲ್ಲಿ ತೀರ್ಪು ತಂದ. ಅಲ್ಲಿಯ ಕ್ಯಾಸಿನೋಗಳು ಹೊರಗೆ ಹಾಕುವುದನ್ನು ಬಿಟ್ಟು, ಎಲೆಯನ್ನು ಬೇಗ ಬೇಗ ಕಲೆಸುವಂಥ ಉಪಾಯಗಳಿಗೆ ಕೈ ಹಚ್ಚಿದವು. ಅತ್ತಿ ಯಾವ ಕೋರ್ಟಿಗೆ ಹೋಗಬೇಕಿತ್ತು?

ಇಷ್ಟೆಲ್ಲ ನಾನು ಆಸೆಪಟ್ಟು ಕೇಳಿದೆ ಎಂದುಕೊಳ್ಳಬೇಡಿ. ಕೇಳಲು ಕಾರಣವಿತ್ತು.

2023ರಲ್ಲಿ ಈ ಹುಡುಗ ಕಾಲೇಜಿಗೆ ಕಟ್ಟಬೇಕಾದ ನಲವತ್ತೆರಡು ಸಾವಿರವನ್ನು ಮೊಬೈಲಿನ ರಮ್ಮಿಯಲ್ಲಿ ಕಳೆದಿದ್ದ. ಮೂರು ತಿಂಗಳು ಯಾರಿಗೂ ಹೇಳಲಿಲ್ಲ. ತಂಗಿ ತನ್ನ ಬೋರಮಾಳ ಮಾರಿ ಕಟ್ಟಿದಳು. ಅವಳ ಗಂಡನಿಗೆ ಇವತ್ತಿಗೂ ಅದು ಬ್ಯಾಂಕಿನ ಲಾಕರಿನಲ್ಲಿದೆ. ಆವಾಗ ಹುಡುಗ ನನಗೆ ಹೇಳಿದ್ದ ಸಮಜಾಯಿಷಿ ನೋಡಿ: “ರಮ್ಮಿ ಜೂಜಲ್ಲ ದೊಡ್ಡವ್ವ, ಸುಪ್ರೀಂ ಕೋರ್ಟೇ ಹೇಳ್ಯಾದ.” ಹೇಳಿದ್ದು ನಿಜ. 1967ರಲ್ಲಿ, ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ, ನಿಜಾಮರ ಕಾಲದ ಹೈದರಾಬಾದ್ ಜೂಜಿನ ಕಾನೂನಿನಡಿ. 1956ರ ತನಕ ನಾವೂ ಆ ಹೈದರಾಬಾದಿನವರೇ. ರಮ್ಮಿ ಮೂರೆಲೆಯ ಆಟದಂತೆ ಬರೀ ಅದೃಷ್ಟದ್ದಲ್ಲ, ಬಿದ್ದ ಎಲೆಗಳನ್ನು ನೆನಪಿಡಬೇಕಾಗುತ್ತದೆ, ಯಾವುದನ್ನು ಇಟ್ಟುಕೊಂಡು ಯಾವುದನ್ನು ಬಿಡಬೇಕೆಂಬ ಜಾಣ್ಮೆ ಬೇಕು ಎಂಬರ್ಥದ ಮಾತು ಆ ತೀರ್ಪಿನಲ್ಲಿದೆ. ಓದಿ ನನಗೆ ನಗು ಬಂತು. ದೇಶದ ದೊಡ್ಡ ಕೋರ್ಟು ಅತ್ತಿಯ ವಿದ್ಯೆಯನ್ನು ವಿದ್ಯೆ ಎಂದು ಒಪ್ಪಿತ್ತು, ಅವಳಿಗೆ ಮಾತ್ರ ಯಾರೂ ಹೇಳಲಿಲ್ಲ.

ಆದರೆ ಕೋರ್ಟು ಕೌದಿಯ ಮೇಲೆ ಎದುರು ಬದುರು ಕುಂತ ಮನುಷ್ಯರ ಆಟ ನೋಡಿತ್ತು. ಮೊಬೈಲಿನಲ್ಲಿ ಎದುರಿಗೆ ಕುಂತವರು ಯಾರೆಂದೇ ಗೊತ್ತಿಲ್ಲ. ನಮ್ಮ ರಾಜ್ಯ ಸರಕಾರ 2021ರಲ್ಲಿ ಪೊಲೀಸ್ ಕಾಯಿದೆ ತಿದ್ದಿ ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಮರುವರ್ಷವೇ ನಮ್ಮ ಹುಡುಗ ಮುಳುಗಿದ್ದು. 2025ರ ಆಗಸ್ಟಿನಲ್ಲಿ ಸಂಸತ್ತು ಜಾಣ್ಮೆಯೋ ಅದೃಷ್ಟವೋ ಎಂದು ನೋಡದೆ ಆನ್‌ಲೈನಿನ ಹಣದ ಆಟಗಳನ್ನೆಲ್ಲ ನಿಷೇಧಿಸುವ ಕಾನೂನು ಮಾಡಿತು. ದೊಡ್ಡ ಕಂಪನಿಗಳು ಆ ವಾರವೇ ರೊಕ್ಕದ ಆಟ ಬಂದು ಮಾಡಿದವು. ಅಂತೂ ಒಂದು ಪೀಡೆ ಹೋಯಿತು ಎಂದು ನಾನು ಗಣಪತಿಗೆ ಕಡುಬು ಮಾಡಿದರೆ, ಹುಡುಗ ಅದೇ ರಾತ್ರಿಗಳಲ್ಲಿ ಕ್ಯಾಸಿನೋ ನೋಡುತ್ತಿದ್ದ.

ಇನ್ನೊಂದು ಕಾರಣ ಔರಾದಿನದು.

ನನ್ನನ್ನು ಕೊಟ್ಟದ್ದು ಔರಾದಿಗೆ. ಮನೆಯವರು ಶಾಲಾ ಮಾಸ್ತರರು, ಬೀದರಿನಲ್ಲಿ ನೌಕರಿ. ಊರಿನ ಹೊಲ ಮೈದುನ ನೋಡಿಕೊಳ್ಳುತ್ತಿದ್ದ. ಚಂದದ ಮನುಷ್ಯ, ಮಾತಿಗೆ ಮೊದಲೇ ನಗುವವನು. ಊರ ಹೊರಗಿನ ಮಾವಿನ ತೋಪಿನಲ್ಲಿ ಅಂದರ್-ಬಾಹರ್ ಆಡುತ್ತಾನೆ ಎಂದು ನನಗೆ ಮದುವೆಯಾಗಿ ನಾಲ್ಕು ವರ್ಷದ ಮೇಲೆ ಗೊತ್ತಾಯಿತು. ಆ ಆಟದಲ್ಲಿ ಒಂದು ಎಲೆ ತೆರೆದಿಡುತ್ತಾರೆ, ಆಮೇಲೆ ಒಳಗೆ ಒಂದು, ಹೊರಗೆ ಒಂದು ಹಾಕುತ್ತ ಹೋಗುತ್ತಾರೆ. ಅದರ ಜೋಡಿ ಎಲೆ ಯಾವ ಕಡೆ ಬೀಳುತ್ತದೋ ಆ ಕಡೆಯವರು ಗೆದ್ದರು. ನಾಣ್ಯ ಚಿಮ್ಮಿದ ಹಾಗೆ. ನೆನಪಿಡುವುದೇನಿಲ್ಲ, ಬಿಡುವುದೇನಿಲ್ಲ. ಆದರೂ ಮೈದುನ ನನಗೆ ಹೇಳುತ್ತಿದ್ದ: “ವೈನಿ, ನನಗ ಅಂದಾಜ ಸಿಕ್ಕದ. ಎರಡು ಸಲ ಹೊರಗ ಬಿತ್ತಂದ್ರ ಮೂರನೇದು ಒಳಗೇ.”

ಒಂದು ವರ್ಷ ಅಮರೇಶ್ವರನ ಜಾತ್ರೆಗೆ ಅತ್ತಿಯನ್ನು ಕರೆಸಿಕೊಂಡಿದ್ದೆ. ರಾತ್ರಿ ಊಟವಾದ ಮೇಲೆ ಅವಳೇ ಎಲೆ ತರಿಸಿದಳು. ನಾಲ್ಕು ಜನ ಮೆಂಡಿಕೋಟ್‌ಗೆ ಕುಂತೆವು, ಮೈದುನ ಅವಳ ಜೋಡಿ. ಆಟದ ನಡುವೆ ತಟ್ಟನೆ ಕೇಳಿದಳು: “ತಮ್ಮಾ, ಕಿಲಾವರ್ ಎಷ್ಟು ಬಿದ್ದಾವ?” ಮೈದುನ ನಕ್ಕು, “ನನಗೇನು ಗೊತ್ತು ಅತ್ತಿ, ಮುಂದ ಬರೋದು ನೋಡಬೇಕು, ಹೋದದ್ದು ಯಾಕ?” ಎಂದ. ಅತ್ತಿ ಎಲೆ ಕೆಳಗಿಟ್ಟಳು. “ಹಂಗಾದ್ರ ನೀ ಆಡಬ್ಯಾಡಪ್ಪಾ,” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮರುದಿನ ಬಸ್ಸು ಹತ್ತುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದು, “ಹೊಲದ ಕಾಗದ ಎಲ್ಲವ, ತರಿಸಿ ನಿನ್ನ ಹತ್ರ ಇಟ್ಕೊ ಪೋರಿ,” ಎಂದಳು.

ನಾನು ತರಿಸಿಕೊಳ್ಳಲಿಲ್ಲ. ಹೊಸ ಸೊಸೆ ಅಲ್ಲದಿದ್ದರೂ ಸೊಸೆಯೇ. ಕಾಗದ ಕೇಳಿದರೆ ಮನೆ ಒಡೆಯಲು ಬಂದಳು ಎನ್ನುತ್ತಾರೆಂದು ಹೆದರಿದೆ. ಅದಕ್ಕೂ ಮೊದಲೇ ಮೈದುನ ಬೀಜದ ಉದ್ದಿಗೆ ಎಂದು ನನ್ನ ಪಾಟ್ಲಿ ಅಡವಿಡಲು ಒಯ್ದಿದ್ದ. 1988ರಲ್ಲಿ ಮೂರು ಎಕರೆ ಕರಿಹೊಲ ಹೋಯಿತು. ಔರಾದಿನಿಂದ ಸಂತಪುರದ ಕಡೆಗೆ ಬಸ್ಸಿನಲ್ಲಿ ಬರುವಾಗ ಎಡಗಡೆ ಕಾಣುತ್ತದೆ. ಈಗ ಅಲ್ಲಿ ಯಾರೋ ಸೋಯಾ ಹಾಕುತ್ತಾರೆ. ನಾನು ಬಸ್ಸಿನಲ್ಲಿ ಬಲಗಡೆಯ ಸೀಟು ಹುಡುಕುತ್ತೇನೆ.

ಮತ್ತೆ ನಮ್ಮ ಹುಡುಗನ ಮಾತಿಗೆ ಬರುತ್ತೇನೆ. ಗಣಪತಿ ಕಳಿಸಿದ ಮೇಲೆ ಒಂದು ಮಧ್ಯಾಹ್ನ ಪಾರ್ಸಲ್ ಬಂತು. ಒಡೆದರೆ ಅಂಗಿಯ ಗುಂಡಿಯಂಥ ಕ್ಯಾಮೆರಾ. ಕೇಳಿದೆ, ಬಾಯಿಬಿಟ್ಟ. ಗೆಳೆಯರು ನಾಲ್ವರು ಕೂಡಿ ಗೋವಾಕ್ಕೆ ಹೋಗುವವರು. ಇವನು ಎಣಿಸುವವನು, ಇನ್ನೊಬ್ಬ ಚಿತ್ರ ತೆಗೆಯುವವನು. “ಕನ್ನಡದಾಗ ಇನ್ನೂ ಯಾರೂ ಮಾಡಿಲ್ಲ ದೊಡ್ಡವ್ವ. ನಾವೇ ಮೊದಲು.”

ಬೈದರೆ ಹೋಗೇ ಹೋಗುತ್ತಾನೆ. ಮೈದುನನಿಗೆ ಬೈದು ನೋಡಿದ್ದೇನೆ. ಅತ್ತಿ ಏನು ಮಾಡುತ್ತಿದ್ದಳು ಎಂದು ಯೋಚಿಸಿ, ಅಂಗಡಿಯಿಂದ ಮೂರು ಕಟ್ಟು ಎಲೆ ತರಿಸಿದೆ. ರೊಕ್ಕಕ್ಕೆ ಬದಲು ತೊಗರಿಬೇಳೆ. ತಲೆಗೆ ಇನ್ನೂರು ಕಾಳು, ಎಣಿಸಿ. ಅವನು ಹಂಚುವವನು, ನಾನು ಆಡುವವಳು. ಯಾವ ಎಲೆಗೆ ಎಳೆಯಬೇಕು, ಯಾವುದಕ್ಕೆ ನಿಲ್ಲಬೇಕು ಎಂಬ ಪಟ್ಟಿಯನ್ನು ಬರೆದು ಕ್ಯಾಲೆಂಡರಿನ ಪಕ್ಕಕ್ಕೆ ಅಂಟಿಸಿದ. ಎಣಿಕೆ ನನಗೆ ಎರಡನೆಯ ದಿನವೇ ಕೈಗೆ ಬಂತು. ಮೂವತ್ತು ವರ್ಷ ಹಾಲಿನವನ, ದಿನಸಿಯವನ, ಚೀಟಿಯ ಲೆಕ್ಕವನ್ನು ಏಕಕಾಲಕ್ಕೆ ತಲೆಯಲ್ಲಿಟ್ಟುಕೊಂಡು ಸಾರಿಗೆ ಒಗ್ಗರಣೆ ಹಾಕಿದವರಿಗೆ ಕೂಡು ಒಂದು, ಕಳೆ ಒಂದು ದೊಡ್ಡ ಮಾತಲ್ಲ. ಹುಡುಗ ನನ್ನನ್ನು ತಪ್ಪಿಸಲೆಂದು ಟಿವಿ ಹಚ್ಚಿದ, ಹರಟಿದ, ನಡುವೆ ಎದ್ದು ಕುಕ್ಕರ್ ನೋಡಿ ಬಾ ಎಂದ. ನೋಡಿ ಬಂದು ಕೂಡು ಆರು ಎಂದೆ. ಅವನ ಕಣ್ಣು ಅರಳಿತು. ಆ ಕ್ಷಣ, ಸುಳ್ಳೇಕೆ, ನನಗೂ ಒಳಗೆ ಏನೋ ಕುಣಿದಂತಾಯಿತು. ಅತ್ತಿಯ ಸೆರಗಿನ ಗಂಟು ನೆನಪಾಯಿತು. ಈ ರುಚಿ ಕೆಟ್ಟದ್ದಲ್ಲ ಎಂದು ಹೇಳುವವರು ಅದನ್ನು ತಿಂದಿಲ್ಲ, ಬರೀ ಕೆಟ್ಟದ್ದು ಎನ್ನುವವರೂ ತಿಂದಿಲ್ಲ.

ನಾಲ್ಕು ರಾತ್ರಿ ಆಡಿದೆವು. ಹಳೆಯ ಶಾಲೆಯ ಹಾಜರಿ ಪುಸ್ತಕದಲ್ಲಿ ನಾನು ಬರೆದಿಟ್ಟ ಲೆಕ್ಕ ಇದು: ಮೊದಲ ರಾತ್ರಿಗೆ 231 ಬೇಳೆ. ಎರಡನೆಯ ರಾತ್ರಿಗೆ 188. ಮೂರನೆಯದಕ್ಕೆ 164, ಆ ರಾತ್ರಿ ನನ್ನ ಎಣಿಕೆ ಒಂದೂ ತಪ್ಪಿರಲಿಲ್ಲ. ನಾಲ್ಕನೆಯದಕ್ಕೆ 211. ಒಟ್ಟು ಗಳಿಕೆ ಹನ್ನೊಂದು ಬೇಳೆ. ಅದರಲ್ಲಿ ಒಬ್ಬರಿಗೂ ಸಾರಾಗುವುದಿಲ್ಲ.

“ಹಿಂಗೇ ಇರ್ತದ,” ಎಂದ ಹುಡುಗ. “ಪಟ್ಟಿ ನೋಡಿ ಸರಿಯಾಗಿ ಆಡಿದ್ರ ಕ್ಯಾಸಿನೋಕ್ಕ ನೂರು ರೂಪಾಯಿಗಿ ಎಂಟಾಣಿ ಸಿಗ್ತದ. ಎಣಿಸಿದ್ರ ನಮಗ ಹೆಚ್ಚುಕಡಿಮಿ ಒಂದು ರೂಪಾಯಿ. ಆದ್ರ ಸಾವಿರಾರು ಆಟ ಆಡಬೇಕು.”

“ವಿಡಿಯೋದವರ ಹತ್ರ ಬಂಡವಾಳ ಎಷ್ಟಿರ್ತದ?”

“ಹತ್ತಾರು ಸಾವಿರ ಡಾಲರು.”

“ತಿಂಗಳಗಟ್ಲೆ ಸೋಲಬಹುದು ಅಂತಿ. ಆವಾಗ ಅವರು ಉಣ್ಣೋದೇನು?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ವಿಡಿಯೋದ ರೊಕ್ಕ ಬರ್ತದಲ್ಲ ದೊಡ್ಡವ್ವ. ಜಾಹೀರಾತಿಂದು. ಕೆಲವರು ಎಣಿಸೋದು ಕಲಿಸ್ತೀವಂತ ಪಾಠನೂ ಮಾರ್ತಾರ.”

“ಅಂದ್ರ ಅಲ್ಲಿ ಸೋತದ್ದು ಇಲ್ಲಿ ನೀ ತುಂಬಿಕೊಡ್ತಿ.”

ಸಿಟ್ಟು ಮಾಡಿಕೊಂಡು ಎದ್ದು ಹೋದ. ಮರುದಿನ ಅವನೇ ಬಂದು, ಅದಕ್ಕೇ ನಾವೂ ವಿಡಿಯೋ ಮಾಡ್ತೀವಿ ಎನ್ನೋದು ಎಂದ. ವಾದದಲ್ಲಿ ಹುಡುಗರನ್ನು ಗೆಲ್ಲುವುದು ಕಷ್ಟ. ದಸರಾ ಮುಗಿದ ವಾರ ಹೊರಟೇ ಬಿಟ್ಟರು. ತಂಗಿಗೆ ಹೇಳಲಿಲ್ಲ; ಅದೊಂದು ಪಾಪ ನನ್ನ ತಲೆಯ ಮೇಲೆ. ಎಟಿಎಂ ಕಾರ್ಡು ಇಸಿದುಕೊಂಡೆ. ಕೈಯಲ್ಲಿ ಎಷ್ಟಿದೆ ಎಂದು ಎಣಿಸಿಸಿ, ಇದರ ಮೇಲೆ ಒಂದು ರೂಪಾಯಿ ಸಾಲ ಮಾಡಿದರೆ ಮನೆಗೆ ಬರಬೇಡ ಎಂದೆ. ನಾಲ್ಕು ದಿನ ಊಟ ರುಚಿಸಲಿಲ್ಲ.

ಗೋವೆಯದೂ ಒಂದು ವಿಚಿತ್ರ. 1992ರಲ್ಲಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜಿಗೆ, 1996ರಲ್ಲಿ ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಗಳಿಗೆ ಕಾನೂನು ತಿದ್ದಿ ದಾರಿ ಮಾಡಿಕೊಟ್ಟರು. ಪಣಜಿಯ ಮುಂದೆ ಮಾಂಡವಿ ನದಿಯಲ್ಲಿ ಆ ಹಡಗುಗಳು ದೀಪ ಹಚ್ಚಿಕೊಂಡು ನಿಂತಿರುತ್ತವೆ. 2020ರ ಫೆಬ್ರವರಿಯಿಂದ ಗೋವೆಯ ಜನ ಅಲ್ಲಿ ಆಡುವಂತಿಲ್ಲ ಎಂದು ಅಲ್ಲಿಯ ಸರಕಾರವೇ ನಿರ್ಬಂಧ ಹಾಕಿತು. ಮಾಡಿದ ಅಡಿಗೆಯನ್ನು ಮನೆಯ ಮಕ್ಕಳಿಗೆ ಬಡಿಸದೆ ಬರೀ ಬೀಗರಿಗೆ ಬಡಿಸಿದ ಹಾಗೆ. ಆ ಬೀಗರಲ್ಲಿ ನಮ್ಮ ಕರ್ನಾಟಕದವರು ಬಹಳ.

ಐದನೆಯ ದಿನ ಬೆಳಿಗ್ಗೆ ಬಸ್ಸಿಳಿದು ಬಂದ. ಮುಖ ನೋಡಿ ಏನೂ ಗೊತ್ತಾಗಲಿಲ್ಲ. ಚಹಾ ಕೊಟ್ಟು ಎದುರಿಗೆ ಕುಂತೆ.

“ಎಣಿಸಲಿಕ್ಕೇ ಆಗ್ಲಿಲ್ಲ ದೊಡ್ಡವ್ವ.”

ಅವರು ಹೋದ ಹಡಗಿನಲ್ಲಿ ಎಲೆಯ ಪೆಟ್ಟಿಗೆಯೇ ಇರಲಿಲ್ಲವಂತೆ. ಒಂದು ಯಂತ್ರ. ಒಂದು ಸುತ್ತು ಮುಗಿದ ಕೂಡಲೇ ಬಿದ್ದ ಎಲೆಗಳನ್ನೆಲ್ಲ ಬಾಚಿ ಅದರ ಬಾಯಿಗೆ ಹಾಕುತ್ತಾರೆ. ಒಳಗೆ ಅದು ಕಲೆಸುತ್ತಲೇ ಇರುತ್ತದೆ. ಈಗ ತಾನೇ ಬಿದ್ದ ರಾಣಿ ಮುಂದಿನ ಸುತ್ತಿಗೇ ಮತ್ತೆ ಬಂದು ಕುಂತಿರುತ್ತಾಳೆ. ಬಿದ್ದದ್ದು ಬಿದ್ದ ಹಾಗಿಲ್ಲ, ಉಳಿದದ್ದು ಉಳಿದ ಹಾಗಿಲ್ಲ. ಎಷ್ಟು ದೊಡ್ಡ ಗಣಿತದ ಮೇಷ್ಟ್ರಾದರೂ ಏನು ಎಣಿಸಬೇಕು? ಕ್ಯಾಮೆರಾ ಹಾಕಿಕೊಂಡವನಿಗೆ ಬಾಗಿಲ ತಪಾಸಣೆಯಲ್ಲಿಯೇ ಎದೆ ಹೊಡೆದುಕೊಂಡು, ಅದನ್ನು ಕಿಸೆಯಲ್ಲಿ ಅಡಗಿಸಿದವನು ತೆಗೆಯಲೇ ಇಲ್ಲ. ಇವನು ಪಟ್ಟಿ ಪ್ರಕಾರ ಒಂದೂವರೆ ತಾಸು ಆಡಿ, ಪ್ರವೇಶದ ದುಡ್ಡಿಗೆ ಕೊಟ್ಟ ಬಿಲ್ಲೆ ಮುಗಿದ ಮೇಲೆ ಎದ್ದನಂತೆ. ಗೆಳೆಯರಲ್ಲಿ ಒಬ್ಬ ಮಾತ್ರ ಏಳಲಿಲ್ಲ. ಬೆಳಗಿನ ತನಕ ಆಡಿ, ಹೊಸ ಮೋಟರ್‌ಸೈಕಲ್ಲಿಗೆಂದು ಕೂಡಿಟ್ಟದ್ದನ್ನು ಬಿಟ್ಟುಬಂದ. ಅವನಿಗೆ ಎಣಿಸಲು ಬರುತ್ತಿರಲಿಲ್ಲ.

“ನೀ ಯಾಕ ಎದ್ದಿ?”

“ಎಷ್ಟು ಹೋಗ್ಯಾದ, ಎಷ್ಟು ಉಳದದ ಅಂತ ನೋಡ್ಕೊಂತ ಕುಂತಿದ್ನಲ್ಲ.”

ನಾನು ಒಳಗೆ ಹೋಗಿ ಉಪ್ಪಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚತೊಡಗಿದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಕಾರಣ ಹೇಳಬೇಕಾಗಿರಲಿಲ್ಲ.

ಆ ವರ್ಷದ ದೀಪಾವಳಿಗೆ ಔರಾದಿನಿಂದ ಮೈದುನ ಬಂದ. ಈಗ ಎಪ್ಪತ್ತು ದಾಟಿದೆ, ಒಂದು ಕಣ್ಣಿನ ಮೋತಿಬಿಂದು ತೆಗೆಸಿದ್ದಾನೆ. ಉಳಿದಿರುವ ಎರಡು ಎಕರೆಯ ಉದ್ದು ಒಂದು ಚೀಲದಲ್ಲಿ ತಂದಿದ್ದ. ಪ್ರತಿ ವರ್ಷ ತರುತ್ತಾನೆ, ನಾನು ಯಾವತ್ತೂ ಬೇಡ ಅಂದಿಲ್ಲ. ಪಾಟ್ಲಿಯ ಮಾತು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಪಾಡ್ಯದ ರಾತ್ರಿ ಹುಡುಗ ಕೌದಿ ಹಾಸಿದ. ಎದುರುಮನೆಯಾಕೆಯನ್ನು ಕರೆದು ನಾಲ್ಕು ಜನ ಮಾಡಿದೆವು. ಪಣ, ಅವೇ ತೊಗರಿಬೇಳೆ. ಗುಂಡಿ ಕ್ಯಾಮೆರಾ ಕೊನೆಗೂ ಕೆಲಸಕ್ಕೆ ಬಂತು. ಹುಡುಗ ಅದನ್ನು ಅಂಗಿಗೆ ಹಚ್ಚಿಕೊಂಡು, ಮೆಂಡಿಕೋಟ್ ಹೇಗೆ ಆಡಬೇಕು ಎಂದು ಕನ್ನಡದಲ್ಲಿ ವಿಡಿಯೋ ಮಾಡುವವನಿದ್ದ. ಆಮೇಲೆ ಹಾಕಿದ ಕೂಡ. ನಲವತ್ತಮೂರು ಜನ ನೋಡಿದ್ದಾರೆ, ಅದರಲ್ಲಿ ಮೂವತ್ತು ಭಾಲ್ಕಿಯ ನಮ್ಮ ಬಳಗದವರೇ ಇರಬೇಕು.

ಮೈದುನ ನನ್ನ ಜೋಡಿ. ಒಂಬತ್ತನೆಯ ಸುತ್ತಿರಬೇಕು, ನಾನು ಯಾವ ಎಲೆ ಬಿಡಲಿ ಎಂದು ತಡವರಿಸುತ್ತಿದ್ದೆ. ಎದುರುಮನೆಯಾಕೆ ಚೂಡಾದ ತಾಟು ಸರಿಸಿ ಕಾಯುತ್ತಿದ್ದಳು. ಮೈದುನ ತನ್ನ ಎಲೆಗಳನ್ನು ಮಡಚಿ ತೊಡೆಯ ಮೇಲಿಟ್ಟಿದ್ದ. ನನ್ನ ಕಡೆ ನೋಡಲಿಲ್ಲ, ನಡುವೆ ಬಿದ್ದ ಎಲೆಗಳನ್ನೇ ನೋಡುತ್ತ ಮೆಲ್ಲಗೆ ಹೇಳಿದ:

“ಕಿಲಾವರ್ ಹತ್ತು ಬಿದ್ದಾವ ವೈನಿ.”

ಹಾಗೆ ಜೋಡಿಗೆ ಹೇಳುವುದು ಆಟದಲ್ಲಿ ತಪ್ಪು. ಎದುರುಮನೆಯಾಕೆ ಕೂಗಾಡಿದಳು, ಹುಡುಗ ವಿಡಿಯೋ ಕೆಟ್ಟಿತು ಎಂದ. ನಾನು ಮನಸ್ಸಿನಲ್ಲಿಯೇ ಇನ್ನೊಮ್ಮೆ ಎಣಿಸಿ ನೋಡಿದೆ. ಹತ್ತೇ ಬಿದ್ದಿದ್ದವು.